ಕಾಣದ ಶಾಯಿಯ ಪಾಠಗಳು: ಭೂಗತ ಗಣಿಯ ತರಬೇತಿಗೆ ನಿಯೋಶ್ ಸಾಮಗ್ರಿ ಎಷ್ಟು ಒದಗುತ್ತದೆ?

ಭೂಗತ ಗಣಿಯ ವೃತ್ತಿ ತರಬೇತಿ ಕೇಂದ್ರದಲ್ಲಿ ಬೋಧಕನಾಗಿ ಕೆಲಸ ಮಾಡುವವನಿಗೆ ಎದುರಾಗುವ ಮೊದಲ ಸಮಸ್ಯೆ ಅಜ್ಞಾನವಲ್ಲ, ನಿದ್ದೆ. 1966ರ ಗಣಿ ವೃತ್ತಿ ತರಬೇತಿ ನಿಯಮಗಳ ಪ್ರಕಾರ ಐದು ವರ್ಷಕ್ಕೊಮ್ಮೆ ಪುನಶ್ಚೇತನ ತರಬೇತಿಗೆ ಬಂದು ಕೂರುವ ಡ್ರಿಲ್ಲರ್, ಬ್ಲಾಸ್ಟರ್, ಲೋಡರ್ ಚಾಲಕರಲ್ಲಿ ಹೆಚ್ಚಿನವರಿಗೆ ನಾವು ಹೇಳಲಿರುವ ಮಾತುಗಳೆಲ್ಲ ಮೊದಲೇ ಬಾಯಿಪಾಠವಾಗಿರುತ್ತವೆ. ಸಡಿಲ ಬಂಡೆಯ ಕೆಳಗೆ ನಿಲ್ಲಬಾರದು ಎಂಬುದು ಗೊತ್ತಿಲ್ಲದ ಗಣಿ ಕಾರ್ಮಿಕನನ್ನು ನಾನು ಈವರೆಗೆ ಕಂಡಿಲ್ಲ, ಆದರೆ ಅದು ಗೊತ್ತಿದ್ದೂ ಅದರ ಕೆಳಗೆ ನಿಂತವರನ್ನು ಬೇಕಾದಷ್ಟು ಕಂಡಿದ್ದೇನೆ. ನಾನು ದುಡಿಯುವುದು ಹೊರರಾಜ್ಯದ ಒಂದು ಲೋಹದ ಗಣಿಯಲ್ಲಿ. ಅಲ್ಲಿ ರಾಯಚೂರು ಮತ್ತು ಕೋಲಾರ ಕಡೆಯಿಂದ ಬಂದ ಕನ್ನಡಿಗರ ಒಂದು ತಂಡವೇ ಇದೆ. ಅವರಿಗಾಗಿ ಕಳೆದ ಆರು ವರ್ಷಗಳಿಂದ ನಾನು ಬಳಸುತ್ತಿರುವ ಬೋಧನಾ ಸಾಮಗ್ರಿಯಲ್ಲಿ ಬಹುಪಾಲು ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ, ಅಂದರೆ ಬಳಕೆಯಲ್ಲಿ ಎಲ್ಲರೂ ನಿಯೋಶ್ ಎನ್ನುವ ಸಂಸ್ಥೆ, ಉಚಿತವಾಗಿ ಒದಗಿಸುವ ಸಾಮಗ್ರಿ. ಅದರಲ್ಲಿ ಯಾವುದು ನಮ್ಮ ಕೈಗೆ ಒದಗಿತು, ಯಾವುದು ಬರಿಯ ಕಪಾಟು ತುಂಬಿತು ಎಂಬುದನ್ನು, ಇದೇ ಕೆಲಸದಲ್ಲಿರುವ ಇತರ ಬೋಧಕರಿಗೆ ಉಪಯೋಗವಾದೀತೆಂದು, ಇಲ್ಲಿ ಬರೆಯುತ್ತಿದ್ದೇನೆ.

ಸಾಮಗ್ರಿಯ ಹಿನ್ನೆಲೆಯನ್ನು ಸ್ವಲ್ಪ ತಿಳಿದರೆ ಅದರ ಗುಣದೋಷಗಳು ಬೇಗ ಅರ್ಥವಾಗುತ್ತವೆ. 1907ರಲ್ಲಿ ಪಶ್ಚಿಮ ವರ್ಜೀನಿಯಾದ ಮೊನೊಂಗಾ ಕಲ್ಲಿದ್ದಲು ಗಣಿಯ ಸ್ಫೋಟದಲ್ಲಿ 362 ಜನ ಸತ್ತರು. ಅಂಥ ದುರಂತಗಳ ಸಾಲಿನ ಬೆನ್ನಿಗೆ, 1910ರಲ್ಲಿ, ಅಮೆರಿಕ ತನ್ನ ಬ್ಯೂರೋ ಆಫ್ ಮೈನ್ಸ್ ಅನ್ನು ಸ್ಥಾಪಿಸಿತು. ಪಿಟ್ಸ್‌ಬರ್ಗ್ ಹತ್ತಿರದ ಬ್ರೂಸ್ಟನ್‌ನಲ್ಲಿ ಆ ಬ್ಯೂರೋ ಒಂದು ಪ್ರಯೋಗ ಗಣಿಯನ್ನೇ ತೋಡಿತು. 1911ರ ಅಕ್ಟೋಬರಿನಲ್ಲಿ ಗಣಿ ಮಾಲೀಕರು ಮತ್ತು ಕಾರ್ಮಿಕರನ್ನು ಕರೆಸಿ, ಅನಿಲವಿಲ್ಲದೆ ಬರೀ ಕಲ್ಲಿದ್ದಲ ದೂಳೂ ಸ್ಫೋಟಿಸಬಲ್ಲದು ಎಂಬುದನ್ನು ಅವರ ಕಣ್ಣೆದುರೇ ಸಿಡಿಸಿ ತೋರಿಸಿತು. ಹೇಳಿದರೆ ನಂಬದವರಿಗೆ ಮಾಡಿ ತೋರಿಸುವ ಈ ಪದ್ಧತಿ ಆ ಸಂಸ್ಥೆಯ ರಕ್ತದಲ್ಲಿ ಉಳಿದುಕೊಂಡಿದೆ ಎಂಬುದು ನನ್ನ ಅನಿಸಿಕೆ. 1996ರಲ್ಲಿ ಬ್ಯೂರೋ ಮುಚ್ಚಿದಾಗ ಅದರ ಸುರಕ್ಷತೆ ಮತ್ತು ಆರೋಗ್ಯ ಸಂಶೋಧನೆ ನಿಯೋಶ್ ಕೈಸೇರಿತು. ಪಿಟ್ಸ್‌ಬರ್ಗ್ ಕೇಂದ್ರ ಮುಖ್ಯವಾಗಿ ಕಲ್ಲಿದ್ದಲನ್ನೂ, ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಕೇಂದ್ರ ಪಶ್ಚಿಮದ ಲೋಹದ ಗಣಿಗಳನ್ನೂ ನೋಡಿಕೊಳ್ಳುತ್ತ ಬಂದವು.

ನನ್ನ ದೃಷ್ಟಿಯಲ್ಲಿ ಈ ಇಡೀ ಭಂಡಾರದ ಅತ್ಯುತ್ತಮ ವಸ್ತು ತೀರ ಹಳೆಯದು, ತೀರ ಅಗ್ಗದ್ದು. ಅದು 1980ರ ದಶಕದಲ್ಲಿ ಬ್ಯೂರೋ ಮತ್ತು ಕೆಂಟಕಿ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ರೂಪಿಸಿದ ಕಾಗದದ ಅಭ್ಯಾಸಗಳ ಮಾಲೆ. ಅದರ ರಚನೆ ಸರಳವಾದುದು. ಮೂರು ನಾಲ್ಕು ಜನರ ಗುಂಪಿಗೆ ಒಂದು ಪುಸ್ತಿಕೆ ಕೊಡುತ್ತಾರೆ. ಅದರಲ್ಲಿ ನಿಜವಾದ ಅಪಘಾತಗಳನ್ನು ಆಧರಿಸಿದ ಒಂದು ಕತೆ ಆರಂಭವಾಗುತ್ತದೆ. ಪಾಳಿಯ ಹೊತ್ತು, ಜಾಗದ ನಕ್ಷೆ, ಜೊತೆಯಲ್ಲಿ ಯಾರಿದ್ದಾರೆ, ಯಾವ ಯಂತ್ರ ಕೆಟ್ಟಿದೆ ಎಂಬುದನ್ನೆಲ್ಲ ಹೇಳಿ, ಕತೆ ಒಂದು ಇಕ್ಕಟ್ಟಿನಲ್ಲಿ ನಿಲ್ಲುತ್ತದೆ, ಮುಂದೇನು ಮಾಡುತ್ತೀರಿ ಎಂದು ಕೇಳುತ್ತದೆ. ನಾಲ್ಕೈದು ಆಯ್ಕೆಗಳಲ್ಲಿ ಗುಂಪು ಒಂದನ್ನು ಆರಿಸಿ, ಉತ್ತರದ ಹಾಳೆಯ ಖಾಲಿ ಕಂಸದ ಮೇಲೆ ವಿಶೇಷ ಪೆನ್ನಿನಿಂದ ಉಜ್ಜಬೇಕು. ಆಗ ಕಾಣದ ಶಾಯಿಯಲ್ಲಿ ಮುದ್ರಿಸಿದ ಮಾತು ನಿಧಾನವಾಗಿ ಮೂಡುತ್ತದೆ. ಅಲ್ಲಿ ಇರುವುದು ಬರೀ ಸರಿ ತಪ್ಪುಗಳ ತೀರ್ಪಲ್ಲ. ಆ ಆಯ್ಕೆಯಿಂದ ಏನಾಯಿತು ಎಂಬ ಪರಿಣಾಮ. ಒಮ್ಮೆ ಉಜ್ಜಿದ್ದನ್ನು ಅಳಿಸಲಾಗದು, ಆದ್ದರಿಂದ ಉಜ್ಜುವ ಮೊದಲು ಗುಂಪಿನೊಳಗೆ ವಾದ ನಡೆಯಲೇಬೇಕು. ನಿದ್ದೆ ಓಡಿಹೋಗುವುದು ಆ ವಾದದಲ್ಲಿ.

ಇದರಲ್ಲಿ ಒಂದು ತೊಡಕಿದೆ. ಇಂದು ಅಂತರಜಾಲದಲ್ಲಿ ಇಳಿಸಿಕೊಂಡ ಪ್ರತಿಯಲ್ಲಿ ಕಾಣದ ಶಾಯಿ ಇರುವುದಿಲ್ಲವಲ್ಲ, ಉತ್ತರಗಳೆಲ್ಲ ಬೋಧಕರ ಹಾಳೆಯಲ್ಲಿ ಬಟಾಬಯಲಾಗಿ ಅಚ್ಚಾಗಿರುತ್ತವೆ. ಆ ಶಾಯಿಗಾಗಿ ನಾವು ಒಂದೆರಡು ಮುದ್ರಣಾಲಯಗಳನ್ನು ವಿಚಾರಿಸಿದೆವು. ಐವತ್ತು ಪ್ರತಿಗಳಿಗೆ ಅವರು ಹೇಳಿದ ದರ ಕೇಳಿ ಸುಮ್ಮನೆ ಎದ್ದು ಬಂದೆವು. ಮಕ್ಕಳಾಟದಂತೆ ನಿಂಬೆರಸದಲ್ಲಿ ಬರೆದು ಬಿಸಿ ಮಾಡುವ ಉಪಾಯವನ್ನೂ ನಮ್ಮ ಸಹಾಯಕರೊಬ್ಬರು ಉತ್ಸಾಹದಿಂದ ಪ್ರಯೋಗಿಸಿದರು. ಸ್ಫೋಟಕ ಬಳಸುವ ಗಣಿಯ ತರಬೇತಿ ಕೊಠಡಿಯಲ್ಲಿ ಮೋಂಬತ್ತಿ ಹಚ್ಚಿ ಸುರಕ್ಷತೆಯ ಪಾಠ ಮಾಡುವುದು ಮೇಲಧಿಕಾರಿಗಳ ಕಣ್ಣಿಗೆ ಬೀಳದಿದ್ದುದು ನಮ್ಮ ಪುಣ್ಯ. ಕೊನೆಗೆ ನಮಗೆ ಒಗ್ಗಿದ್ದು ಲಕೋಟೆ: ಪ್ರತಿ ಆಯ್ಕೆಗೂ ಒಂದು ಪುಟ್ಟ ಅಂಟಿಸಿದ ಲಕೋಟೆ, ಒಳಗೆ ಪರಿಣಾಮ ಬರೆದ ಚೀಟಿ. ಹರಿದ ಲಕೋಟೆಯನ್ನು ಮತ್ತೆ ಅಂಟಿಸಲಾಗದು ಎಂಬಲ್ಲಿಗೆ ಮೂಲದ ಉದ್ದೇಶ ಉಳಿಯಿತು. ಖರ್ಚು ತಲೆಗೆ ಒಂದು ಚಹಾದ ಬೆಲೆಗಿಂತಲೂ ಕಡಿಮೆ.

ಅದಕ್ಕಿಂತ ದೊಡ್ಡ ತೊಡಕು ಅನುವಾದದ್ದು. ಮೊದಲ ವರ್ಷ ನಾನು ಒಂದು ಅಭ್ಯಾಸವನ್ನು ಸಾಲಿಗೆ ಸಾಲು ಕನ್ನಡಕ್ಕೆ ತಂದು ಕೊಟ್ಟೆ. ಓದಿದವರು ಯಾರೂ ಜಗಳಕ್ಕೆ ಬರಲಿಲ್ಲ. ಎಲ್ಲರೂ ಶಾಲೆಯ ಹುಡುಗರ ಹಾಗೆ ಸರಿಯಾದ ಉತ್ತರವನ್ನು ಊಹಿಸಿ, ಸರಿಯಾದ ಲಕೋಟೆ ಹರಿದು, ನೂರಕ್ಕೆ ನೂರು ಅಂಕ ತೆಗೆದು ಹೋದರು. ಕಲ್ಲಿದ್ದಲ ಗಣಿಯ ಅಮೆರಿಕನ್ ಮೇಲ್ವಿಚಾರಕನ ಇಕ್ಕಟ್ಟು ಅವರದಾಗಿರಲಿಲ್ಲ. ಆಮೇಲೆ ಮೂಲದ ಎಲುಬುಗೂಡನ್ನಷ್ಟೇ ಇಟ್ಟುಕೊಂಡು, ಮಾಂಸವನ್ನೆಲ್ಲ ನಮ್ಮ ಗಣಿಯದೇ ತುಂಬಿದೆ. ಉದಾಹರಣೆಗೆ ನಾವು ಹೊಸದಾಗಿ ಬರೆದ ಕತೆಯಲ್ಲಿ ಪಾಳಿ ಮುಗಿಯಲು ಒಂದೂವರೆ ತಾಸು ಉಳಿದಿದೆ, ಹಿಂದಿನ ಪಾಳಿಯ ಬ್ಲಾಸ್ಟಿಂಗ್ ಆದ ಬಂಡೆಯ ಮುಖದಲ್ಲಿ ಡ್ರಿಲ್ ಹೂಡಬೇಕಾಗಿದೆ, ಮೇಲಿನ ಬಂಡೆಯನ್ನು ಗಡಾರಿಯಿಂದ ತಟ್ಟಿದರೆ ಒಂದು ಕಡೆ ಗಂಟೆಯಂತೆ ಗಟ್ಟಿ ಸದ್ದು ಬರುತ್ತದೆ, ಪಕ್ಕದಲ್ಲಿ ಮಡಕೆ ತಟ್ಟಿದಂತೆ ಟೊಳ್ಳು ಸದ್ದು ಬರುತ್ತದೆ. ಕೈಯಲ್ಲಿರುವ ಗಡಾರಿ ಗಿಡ್ಡ. ಉದ್ದನೆಯದು ನೂರು ಮೀಟರ್ ಹಿಂದೆ ಇದೆ. ಹಳೆಯ ಕುಳಿಯೊಂದರ ತುದಿ ಗೋಡೆಯಲ್ಲಿ ಉಳಿದಿದ್ದು, ಅದರಲ್ಲಿ ಸಿಡಿಯದ ಮದ್ದು ಇರಬಹುದು, ಇಲ್ಲದೆಯೂ ಇರಬಹುದು. ಜೊತೆಗಿರುವ ಹೆಲ್ಪರ್ ಹೊಸಬ, ತಂಡದ ಮುಖ್ಯಸ್ಥನಾದ ಮೇಟ್ ಬೇರೆ ಲೆವೆಲ್‌ನಲ್ಲಿ, ಅಂದರೆ ಗಣಿಯ ಬೇರೆ ಅಂತಸ್ತಿನಲ್ಲಿದ್ದಾನೆ, ತಿಂಗಳ ಕೊನೆಯ ವಾರವಾದ್ದರಿಂದ ಇನ್ಸೆಂಟಿವ್ ಲೆಕ್ಕವೂ ತಲೆಯಲ್ಲಿದೆ. ಇಷ್ಟನ್ನು ಇಟ್ಟು, ಈಗ ಏನು ಮಾಡುತ್ತೀರಿ ಎಂದು ಕೇಳಿದಾಗ, ಲಿಂಗಸುಗೂರು ಕಡೆಯ ಒಬ್ಬ ಹಿರಿಯ ಡ್ರಿಲ್ಲರ್, ‘ಸಾಹೇಬ್ರ, ಇದು ಪರೀಕ್ಷೆ ಅಲ್ಲರೀ, ಜಗಳ ಹಚ್ಚೋ ಕಾಗದ’ ಎಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಈ ಪದ್ಧತಿಗೆ ಬೇಕಿಲ್ಲ. ಆ ದಿನ ಅವರ ಗುಂಪು ಆರಿಸಿದ್ದು ತಪ್ಪು ಲಕೋಟೆಯನ್ನು. ಉದ್ದನೆಯ ಗಡಾರಿ ತರಲು ಹೊಸ ಹುಡುಗನನ್ನು ಒಬ್ಬನನ್ನೇ ಕಳಿಸಿ, ಅಷ್ಟರಲ್ಲಿ ಡ್ರಿಲ್ಲಿನ ಹೋಸ್ ಜೋಡಿಸುತ್ತ ಟೊಳ್ಳು ಬಂಡೆಯ ಕೆಳಗೇ ಕಾಯುವುದು ಆ ಆಯ್ಕೆ. ಅನುಭವವಿದ್ದವರು ಹೀಗೆಯೇ ತಪ್ಪುತ್ತಾರೆ ಎಂಬುದನ್ನು ಮೂಲ ರಚನಕಾರರು ಚೆನ್ನಾಗಿ ಬಲ್ಲರು. ಅವರ ತಪ್ಪು ಆಯ್ಕೆಗಳು ಎಂದೂ ಮೂರ್ಖನ ಆಯ್ಕೆಗಳಾಗಿರುವುದಿಲ್ಲ. ಹತ್ತು ಸಲದಲ್ಲಿ ಒಂಬತ್ತು ಸಲ ಏನೂ ಆಗದೆ ಉಳಿದ ಆಯ್ಕೆಗಳವು.

ಎರಡನೆಯದಾಗಿ ಹೇಳಬೇಕಾದದ್ದು, ಹೊಗೆ ಅಥವಾ ವಿಷಾನಿಲ ತುಂಬಿದಾಗ ಉಸಿರಾಡಿಕೊಂಡು ಪಾರಾಗಲು ನೆರವಾಗುವ ಸೆಲ್ಫ್ ರೆಸ್ಕ್ಯೂಯರ್ ಸಾಧನದ ತರಬೇತಿಯ ಬಗ್ಗೆ. ಸೊಂಟಕ್ಕೆ ಕಟ್ಟಿಕೊಳ್ಳುವ ಈ ಡಬ್ಬಿಯನ್ನು ನಮ್ಮ ಕಾರ್ಮಿಕರು ಟೋಕನ್ ಮತ್ತು ಕ್ಯಾಪ್ ಲ್ಯಾಂಪ್ ಜೊತೆಗೆ ದಿನವೂ ಹೊರುತ್ತಾರೆ, ಬಿಚ್ಚಿದವರು ವಿರಳ. ಇದರಲ್ಲಿ ಎರಡು ಬಗೆಗಳಿದ್ದು, ಅವುಗಳ ವ್ಯತ್ಯಾಸ ಪ್ರಾಣದ ವ್ಯತ್ಯಾಸವಾದೀತು. ಸೋಸು ಬಗೆಯದು ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡನ್ನು ಕಾರ್ಬನ್ ಡೈ ಆಕ್ಸೈಡ್ ಆಗಿ ಮಾರ್ಪಡಿಸುತ್ತದೆಯೇ ಹೊರತು ಆಮ್ಲಜನಕ ಕೊಡುವುದಿಲ್ಲ; ಗಾಳಿಯಲ್ಲೇ ಆಮ್ಲಜನಕ ಕಡಿಮೆಯಾಗಿದ್ದರೆ ಅದು ಬರೀ ಡಬ್ಬಿ. ಸ್ವಯಂಪೂರ್ಣ ಬಗೆಯಲ್ಲಿ ಹೆಚ್ಚಿನವು ನಮ್ಮ ಉಸಿರಿನ ತೇವ ಮತ್ತು ಕಾರ್ಬನ್ ಡೈ ಆಕ್ಸೈಡಿನ ಜೊತೆ ಪೊಟ್ಯಾಸಿಯಂ ಸೂಪರಾಕ್ಸೈಡ್ ವರ್ತಿಸುವುದರಿಂದ ಆಮ್ಲಜನಕ ಹುಟ್ಟಿಸುತ್ತವೆ. ಎರಡರಲ್ಲೂ ಗಾಳಿ ಬಿಸಿಯಾಗುತ್ತದೆ, ಉಸಿರೆಳೆಯುವುದು ಬಿಗಿಯಾಗುತ್ತದೆ. ಬಿಸಿ ಮತ್ತು ಬಿಗಿ ಸಾಧನ ಕೆಲಸ ಮಾಡುತ್ತಿದೆ ಎಂಬುದರ ಗುರುತು. ಗೊತ್ತಿಲ್ಲದವನು ಮಾತ್ರ ಅದನ್ನೇ ಸಾಧನ ಕೆಟ್ಟಿದೆ ಎಂಬುದರ ಗುರುತೆಂದು ತಿಳಿದು ಕಿತ್ತೆಸೆಯುತ್ತಾನೆ.

ಇದು ಊಹೆಯ ಮಾತಲ್ಲ. 2006ರ ಜನವರಿ 2ರಂದು ಪಶ್ಚಿಮ ವರ್ಜೀನಿಯಾದ ಸೇಗೋ ಗಣಿಯಲ್ಲಿ ಸ್ಫೋಟವಾಗಿ 12 ಜನ ಸತ್ತು ಒಬ್ಬರೇ ಬದುಕಿದರು. ತಮ್ಮ ಗುಂಪಿನಲ್ಲಿ ಕೆಲವರ ಸಾಧನಗಳು ಕೆಲಸ ಮಾಡಲಿಲ್ಲವೆಂದು ಬದುಕುಳಿದವರು ಹೇಳಿದರು. ಬಳಿಕದ ಪರೀಕ್ಷೆಯಲ್ಲಿ ಆ ಸಾಧನಗಳನ್ನು ಚಾಲೂ ಮಾಡಲಾಗಿತ್ತೆಂದೂ, ಆಮ್ಲಜನಕ ಕೊಡುವ ರಾಸಾಯನಿಕ ಇನ್ನೂ ಉಳಿದಿತ್ತೆಂದೂ ಕಂಡುಬಂತು. ಆ ಘಟನೆಯ ನಂತರ ಬಂದ ಕಾನೂನಿನ ಅಡಿಯಲ್ಲಿ ಅಮೆರಿಕದ ಭೂಗತ ಕಲ್ಲಿದ್ದಲು ಗಣಿಗಳಲ್ಲಿ ಮೂರು ತಿಂಗಳಿಗೊಮ್ಮೆ ಸಾಧನ ತೊಡುವ ಅಭ್ಯಾಸವೂ, ವರ್ಷಕ್ಕೊಮ್ಮೆ ಆ ಬಿಸಿ ಮತ್ತು ಬಿಗಿಯನ್ನು ನಿಜಕ್ಕೂ ಬಾಯಲ್ಲಿ ಅನುಭವಿಸಿ ನೋಡುವ ತರಬೇತಿಯೂ ಕಡ್ಡಾಯವಾದವು. ಕಲಿತ ಕೈಚಳಕ ಕೆಲವೇ ತಿಂಗಳಲ್ಲಿ ಮರೆತುಹೋಗುತ್ತದೆ ಎಂಬುದನ್ನು ಪಿಟ್ಸ್‌ಬರ್ಗ್ ಸಂಶೋಧಕರು ಮೊದಲೇ ಅಳೆದು ತೋರಿಸಿದ್ದರು. ಮೂರು ತಿಂಗಳೆಲ್ಲಿ, ನಮ್ಮ ಐದು ವರ್ಷವೆಲ್ಲಿ!

ತೊಡುವ ಕ್ರಮಕ್ಕೆ ಅವರು ಕಲಿಸುವ ಸೂತ್ರ ‘ಮೂರು ಮತ್ತು ಮೂರು’. ಮಂಡಿಯೂರಿ, ಹೆಲ್ಮೆಟ್ ತೆಗೆದು, ಬೆಳಕು ತನ್ನ ಕಡೆಗೇ ಬೀಳುವಂತೆ ನೆಲದ ಮೇಲೆ ಇಟ್ಟುಕೊಂಡು, ಮೊದಲು ಜೀವ ಉಳಿಸುವ ಮೂರು ಕೆಲಸ ಮಾಡಬೇಕು: ಆಮ್ಲಜನಕ ಚಾಲೂ ಮಾಡುವುದು, ಉಸಿರೆಳೆಯುವ ಕೊಳವೆಯ ತುಂಡನ್ನು ಬಾಯಲ್ಲಿ ಕಚ್ಚುವುದು, ಮೂಗಿಗೆ ಕ್ಲಿಪ್ ಹಾಕುವುದು. ಉಸಿರು ಭದ್ರವಾದ ಮೇಲೆ ಕನ್ನಡಕ, ಪಟ್ಟಿ, ಹೆಲ್ಮೆಟ್. ತಯಾರಕರ ಕೈಪಿಡಿಗಳಲ್ಲಿನ ಹತ್ತು ಹನ್ನೆರಡು ಹೆಜ್ಜೆಗಳ ಬದಲಿಗೆ ಇದನ್ನು ಕಲಿಸಿದ ಮೇಲೆ ನಮ್ಮ ತರಗತಿಯಲ್ಲಿ ತಡವರಿಸುವವರು ಕಣ್ಣಿಗೆ ಕಾಣುವಷ್ಟು ಕಡಿಮೆಯಾದರು. ಓದು ಬಾರದ ಹೆಲ್ಪರ್ ಒಬ್ಬ ಇದನ್ನು ‘ಗಾಳಿ, ಬಾಯಿ, ಮೂಗು’ ಎಂದು ಹಾಡಿನಂತೆ ಮಾಡಿಕೊಂಡ. ಈಗ ಗಣಿಗೆ ಇಳಿಸುವ ಕೇಜ್ (ಲಿಫ್ಟ್) ಕಾಯುವ ಸಾಲಿನಲ್ಲೂ ಅದು ಕೇಳಿಸುತ್ತದೆ. ಆದರೆ ಒಂದು ಎಚ್ಚರ: ನಿಮ್ಮ ಗಣಿಯಲ್ಲಿರುವ ಮಾದರಿಯ ಚಾಲನೆಯ ಬಗೆ ಬೇರೆಯಿದ್ದರೆ ಆ ಮಾದರಿಯ ಕ್ರಮಕ್ಕೇ ಸೂತ್ರವನ್ನು ಹೊಂದಿಸಿ ಕಲಿಸಬೇಕು.

ಇದೇ ಸಂಶೋಧಕರು, 1988ರಿಂದ 1990ರ ನಡುವೆ ಪೆನ್ಸಿಲ್ವೇನಿಯಾದ ಮೂರು ಕಲ್ಲಿದ್ದಲು ಗಣಿಗಳಿಗೆ ಬೆಂಕಿ ಬಿದ್ದಾಗ ಹೊಗೆಯೊಳಗಿಂದ ನಡೆದು ಪಾರಾದ 48 ಜನರನ್ನು ಕೂರಿಸಿ ಮಾತಾಡಿಸಿ ಒಂದು ದೊಡ್ಡ ವರದಿ ಬರೆದಿದ್ದಾರೆ. ಬೋಧಕರಾದವರು ಒಂದೇ ಒಂದು ವರದಿ ಓದುವುದಾದರೆ ಇದನ್ನು ಓದಬೇಕೆಂದು ನಾನು ಹೇಳುತ್ತೇನೆ. ಫೋನಿನಲ್ಲಿ ಬಂದ ಎಚ್ಚರಿಕೆ ಅರೆಬರೆಯಾಗಿದ್ದುದು, ಎಲ್ಲಿ ಬೆಂಕಿ, ಯಾವ ದಾರಿ ಎಂಬುದನ್ನು ಹೇಳದೆ ‘ಹೊರಗೆ ಬನ್ನಿ’ ಎಂದಷ್ಟೇ ಇದ್ದುದು, ಮೊದಲ ಹೊಗೆಯನ್ನು ಕಂಡವರು ಅದನ್ನು ಮಾಮೂಲು ಹೊಗೆ ಎಂದುಕೊಂಡು ಕೆಲಸ ಮುಗಿಸಿಯೇ ಹೊರಟದ್ದು, ಮಾತಾಡಲು ಬಾಯಿಯ ತುಂಡು ತೆಗೆದದ್ದು, ಹುದ್ದೆಯಲ್ಲಿ ದೊಡ್ಡವನು ಹಿಂಜರಿದಾಗ ದಾರಿ ಬಲ್ಲವನು ಮುಂದಾದದ್ದು, ಇವೆಲ್ಲ ಅಲ್ಲಿ ಅವರವರ ಮಾತಿನಲ್ಲೇ ಇವೆ. ಇದನ್ನು ಓದಿದ ಮೇಲೆ ನಾನು ನಮ್ಮ ಟೆಲಿಫೋನ್ ಆಪರೇಟರ್‌ಗಳಿಗೂ, ಗಣಿಯೊಳಗೆ ಕೇಜಿನ ಬಳಿ ನಿಂತು ಜನರನ್ನು ಹತ್ತಿಸುವ ಆನ್‌ಸೆಟರ್‌ಗಳಿಗೂ ಪ್ರತ್ಯೇಕ ಪಾಠ ಶುರು ಮಾಡಿದೆ. ಎಚ್ಚರಿಕೆ ಕೊಡುವವನು ಏನಾಗಿದೆ, ಎಲ್ಲಿ ಆಗಿದೆ, ಯಾವ ದಾರಿಯಲ್ಲಿ ಹೋಗಬೇಕು, ಯಾರು ಹೇಳುತ್ತಿದ್ದಾರೆ ಎಂಬುದನ್ನು ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ಅದು. ಕೇಳುವುದಕ್ಕೆ ಕ್ಷುಲ್ಲಕವೆನಿಸುತ್ತದೆ, ಮೊದಲ ದಿನ ಒಬ್ಬರಿಂದಲೂ ಅದು ಸಾಧ್ಯವಾಗಲಿಲ್ಲ.

ಲೋಹದ ಗಣಿಯವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ಬೆಂಕಿ ಕಲ್ಲಿದ್ದಲಿನವರ ತಲೆನೋವು, ನಮ್ಮದು ಬರೀ ಕಲ್ಲು, ಉರಿಯಲು ಏನಿದೆ? ಐಡಹೊ ರಾಜ್ಯದ ಸನ್‌ಶೈನ್ ಬೆಳ್ಳಿ ಗಣಿಯವರೂ ಹಾಗೆಯೇ ತಿಳಿದಿದ್ದರು. 1972ರ ಮೇ 2ರಂದು ಅಲ್ಲಿ ಹೊತ್ತಿಕೊಂಡ ಬೆಂಕಿಯ ಕಾರ್ಬನ್ ಮೊನಾಕ್ಸೈಡಿಗೆ 91 ಜನ ಬಲಿಯಾದರು. ಗಾಳಿ ಚೆನ್ನಾಗಿದ್ದ ಕಡೆ ಸಿಕ್ಕಿಕೊಂಡಿದ್ದ ಇಬ್ಬರು ಮಾತ್ರ ಒಂದು ವಾರದ ನಂತರ ಜೀವಂತವಾಗಿ ಸಿಕ್ಕರು. ನಮ್ಮಲ್ಲಿಯೂ ಹಳೆಯ ಲೆವೆಲ್‌ಗಳಲ್ಲಿ ಮರದ ಆಸರೆಗಳಿವೆ, ಕನ್ವೇಯರ್ ಬೆಲ್ಟ್ ಇದೆ, ಲೋಡರ್‌ಗಳಲ್ಲಿ ಡೀಸೆಲ್ ಮತ್ತು ಹೈಡ್ರಾಲಿಕ್ ಆಯಿಲ್ ಇದೆ, ಟೈರುಗಳಿವೆ. ಈ ಪಟ್ಟಿಯನ್ನು ಕಪ್ಪು ಹಲಗೆಯ ಮೇಲೆ ಕಾರ್ಮಿಕರ ಬಾಯಿಂದಲೇ ಬರೆಯಿಸಿದರೆ ಆಕ್ಷೇಪ ತಾನಾಗಿಯೇ ಅಡಗುತ್ತದೆ.

ಇನ್ನು ದೂಳಿನ ವಿಷಯ. ಕನ್ನಡಿಗರ ತರಗತಿಯಲ್ಲಿ ಇದನ್ನು ಪಾಠವಾಗಿ ಆರಂಭಿಸಬೇಕಾದ ಅಗತ್ಯವೇ ಇಲ್ಲ. ಕೋಲಾರ ಚಿನ್ನದ ಗಣಿ ಕಡೆಯಿಂದ ಬಂದವರ ಪ್ರತಿ ಮನೆಯಲ್ಲೂ ಕೆಮ್ಮಿನ ಒಂದು ನೆನಪಿದೆ. ನಮ್ಮ ಮನೆಯಲ್ಲಿಯೂ ಇದೆ. ಸಿಲಿಕಾ ದೂಳಿನಿಂದ ಶ್ವಾಸಕೋಶಕ್ಕೆ ಬರುವ ಸಿಲಿಕೋಸಿಸ್ ರೋಗ ಭಾರತದಲ್ಲಿ ಮೊದಲು ವರದಿಯಾದದ್ದು 1934ರಲ್ಲಿ, ಅಲ್ಲಿಂದಲೇ. 1940ರ ದಶಕದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕಿಂತ ಹೆಚ್ಚು ಜನರಲ್ಲಿ ಆ ರೋಗ ಕಂಡಿತ್ತು. ಬಂಡೆಗಳ ಬಲವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಶಿಲಾಯಾಂತ್ರಿಕ ಸಂಸ್ಥೆ 1988ರಲ್ಲಿ ಹುಟ್ಟಿದ್ದೂ ಅದೇ ನೆಲದಲ್ಲಿ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು, ಸಂಶೋಧನೆಯ ಕಡತಗಳು ಬೇರೆ ಬೇರೆ ಊರುಗಳಿಗೆ ಹೋದವು, ಕೆಮ್ಮು ಮಾತ್ರ ಅಲ್ಲಿಯೇ ಉಳಿಯಿತು.

ನಿಯೋಶ್ ಈ ವಿಷಯದಲ್ಲಿ ಕೊಡುವ ಸಾಧನಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ‘ಹೆಲ್ಮೆಟ್ ಕ್ಯಾಮ್’ ಎಂಬ ಪದ್ಧತಿ ಮತ್ತು ಅದರ ಜೊತೆಗಿನ ‘ಇವೇಡ್’ ಎಂಬ ಉಚಿತ ತಂತ್ರಾಂಶ. ಕಾರ್ಮಿಕನ ಹೆಲ್ಮೆಟ್ಟಿಗೆ ಒಂದು ಪುಟ್ಟ ಕ್ಯಾಮೆರಾ, ಉಸಿರಿನ ಮಟ್ಟದಲ್ಲಿ ಕ್ಷಣಕ್ಷಣದ ದೂಳನ್ನು ದಾಖಲಿಸುವ ಮಾಪಕ ಇವೆರಡನ್ನೂ ಕಟ್ಟಿ, ಪಾಳಿಯ ಕೆಲಸವನ್ನು ಚಿತ್ರಿಸಿಕೊಳ್ಳುವುದು. ಆಮೇಲೆ ತಂತ್ರಾಂಶದಲ್ಲಿ ಚಿತ್ರ ಮತ್ತು ದೂಳಿನ ಗೆರೆಯನ್ನು ಜೊತೆಯಾಗಿ ಓಡಿಸುವುದು. ಗೆರೆ ಎಲ್ಲಿ ಜಿಗಿಯಿತೋ ಅಲ್ಲಿ ನಿಲ್ಲಿಸಿ, ಆ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೆ ಎಂಬುದನ್ನು ಕಾರ್ಮಿಕನೇ ನೋಡಬಹುದು. ಮಾಪಕವನ್ನು ನಾವು ಎರಡು ವಾರದ ಮಟ್ಟಿಗೆ ಎರವಲು ತಂದು ಮಾಡಿದ ಪ್ರಯೋಗದಲ್ಲಿ, ಡ್ರಿಲ್ಲಿಂಗ್ ಸಮಯದಲ್ಲಿ ನೀರು ಸರಿಯಾಗಿ ಹರಿಯುತ್ತಿದ್ದಷ್ಟು ಹೊತ್ತು ಗೆರೆ ಸುಮ್ಮನಿತ್ತು. ಅದು ಎಗರಿದ್ದು ಊಟದ ಹೊತ್ತಿಗೆ ಒಬ್ಬಾತ ಒಣಗಿದ ಅಂಗಿಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡಾಗ. ಅಂಗಿ ಕೊಡವಬೇಡಿ ಎಂದು ನಾನು ಹತ್ತು ವರ್ಷ ಹೇಳಿದ್ದಕ್ಕಿಂತ ಆ ಅರ್ಧ ನಿಮಿಷದ ಚಿತ್ರ ಹೆಚ್ಚು ಕೆಲಸ ಮಾಡಿತು. ದೋಷವೆಂದರೆ ತಂತ್ರಾಂಶ ಉಚಿತವಾದರೂ ಮಾಪಕ ಉಚಿತವಲ್ಲ; ಸಣ್ಣ ಗಣಿಗಳ ಕೈಗೆ ಅದು ಎಟುಕದಷ್ಟು ದುಬಾರಿ.

ದೂಳಿನ ಮಿತಿಯ ಲೆಕ್ಕವನ್ನೂ ತರಗತಿಯಲ್ಲಿ ಒಮ್ಮೆ ಮಾಡಿಸುವುದು ಒಳ್ಳೆಯದು. ನಮ್ಮ ನಿಯಮದಂತೆ ಉಸಿರಾಟದ ದೂಳಿನಲ್ಲಿ ಸಿಲಿಕಾ ಶೇಕಡ 5ನ್ನು ಮೀರಿದರೆ, 15ನ್ನು ಆ ಶೇಕಡಾವಾರಿನಿಂದ ಭಾಗಿಸಿ ಬಂದಷ್ಟು ಮಿಲಿಗ್ರಾಂ ದೂಳು ಒಂದು ಘನ ಮೀಟರ್ ಗಾಳಿಯಲ್ಲಿ ಇರಬಹುದು. ಸಿಲಿಕಾ ಶೇಕಡ 30 ಇದ್ದರೆ ದೂಳಿನ ಮಿತಿ ಅರ್ಧ ಮಿಲಿಗ್ರಾಂ ಎಂದಾಯಿತು. ಆದರೆ ಆ ಅರ್ಧ ಮಿಲಿಗ್ರಾಮಿನಲ್ಲಿ ಸಿಲಿಕಾ ಎಷ್ಟು ಎಂದು ಲೆಕ್ಕ ಹಾಕಿದರೆ 150 ಮೈಕ್ರೋಗ್ರಾಂ ಬರುತ್ತದೆ, ಶೇಕಡಾವಾರು 5ರ ಮೇಲೆ ಎಷ್ಟೇ ಇರಲಿ, ಉತ್ತರ ಅದೇ. ಅಮೆರಿಕದ ಗಣಿ ಸುರಕ್ಷತಾ ಆಡಳಿತ 2024ರಲ್ಲಿ ಪ್ರಕಟಿಸಿದ ನಿಯಮದ ಮಿತಿ 50 ಮೈಕ್ರೋಗ್ರಾಂ. ಆದ್ದರಿಂದ ಅವರ ಸಾಮಗ್ರಿಯಲ್ಲಿ ಕೆಂಪು ಗುರುತು ಬಿದ್ದ ಜಾಗ ನಮ್ಮ ದಾಖಲೆಯಲ್ಲಿ ಹಸಿರಾಗಿಯೇ ಇರಬಹುದು. ಈ ಅಂತರವನ್ನು ಮುಚ್ಚಿಟ್ಟು ಬೋಧಿಸುವುದಕ್ಕಿಂತ ಬಿಚ್ಚಿ ಹೇಳುವುದು ಲೇಸೆಂದು ನಾನು ಕಂಡುಕೊಂಡಿದ್ದೇನೆ, ಆಡಳಿತ ವರ್ಗಕ್ಕೆ ಅದು ಅಷ್ಟು ರುಚಿಸಲಿಲ್ಲವಾದರೂ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೇಲಿನ ಬಂಡೆಗೆ ಆಸರೆಯಾಗಿ ಕಡಿಯದೆ ಬಿಟ್ಟ ಕಂಬಗಳ ಬಲವನ್ನು ಲೆಕ್ಕ ಹಾಕುವ ತಂತ್ರಾಂಶಗಳು ಹೆಚ್ಚಾಗಿ ಕಲ್ಲಿದ್ದಲ ಪದರಗಳಿಗಾಗಿ ಮಾಡಿದವು, ಎಂಜಿನಿಯರುಗಳಿಗೆ ಸೇರಿದವು. ತರಬೇತಿ ಕೊಠಡಿಗೆ ಅವುಗಳ ಸಂಬಂಧವಿಲ್ಲ. ಆಶ್ರಯ ಕೋಣೆಗಳ ತರಬೇತಿ ಅಚ್ಚುಕಟ್ಟಾಗಿದೆ, ಅಲ್ಲಿನ ಕಾನೂನು ಕೇಳುವ 96 ಗಂಟೆಗಳ ಕಾಲ ಇಕ್ಕಟ್ಟಿನಲ್ಲಿ ಬೆವರುತ್ತ ಕೂರುವುದೆಂದರೇನು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತದೆ, ಆದರೆ ಅಂಥ ಕೋಣೆಯೇ ಇಲ್ಲದ ಗಣಿಯಲ್ಲಿ ಅದು ಕೇಳಲು ಚೆಂದದ ಕತೆ ಮಾತ್ರ. ಪಾರಾಗುವ ದಾರಿಯ ಹಗ್ಗಕ್ಕೆ ಪೋಣಿಸುವ ಶಂಕುಗಳ ವಿಚಾರ ಮಾತ್ರ ನನಗೆ ತುಂಬ ಇಷ್ಟವಾಯಿತು. ಸರಿಯಾದ ದಿಕ್ಕಿಗೆ ಹೋಗುವಾಗ ಕೈ ನಯವಾಗಿ ಜಾರುತ್ತದೆ, ತಪ್ಪು ದಿಕ್ಕಿಗೆ ಹೋದರೆ ಶಂಕುವಿನ ಬುಡ ಕೈಗೆ ತಡೆಯಾಗುತ್ತದೆ. ಹೊಗೆಯಲ್ಲಿ ಕಣ್ಣು ಕಾಣದವನಿಗೆ ಕೈಯೇ ದಾರಿ ಹೇಳುತ್ತದೆ. ನಾವು ತರಬೇತಿ ಗ್ಯಾಲರಿಯಲ್ಲಿ ಮೂವತ್ತು ಮೀಟರ್ ನೈಲಾನ್ ಹಗ್ಗಕ್ಕೆ ಪ್ಲಾಸ್ಟಿಕ್ ಆಲಿಕೆಗಳನ್ನು ಪೋಣಿಸಿ, ಕಣ್ಣು ಕಟ್ಟಿ ನಡೆಸುತ್ತೇವೆ.

ಕೊರತೆಗಳನ್ನು ಹೇಳದೆ ಹೋದರೆ ವಿಮರ್ಶೆ ಜಾಹೀರಾತಾದೀತು. ಮೊದಲನೆಯದು, ಭಂಡಾರದ ಬಹುಪಾಲು ಕಲ್ಲಿದ್ದಲಿಗೆ ಸೇರಿದ್ದು. ಲೋಹದ ಗಣಿಯವನು ಹತ್ತು ಪುಟ ತಿರುವಿದರೆ ಒಂದು ಪುಟ ದಕ್ಕುತ್ತದೆ. ಅಳತೆಗಳೆಲ್ಲ ಅಡಿ, ಅಂಗುಲ, ಫ್ಯಾರನ್‌ಹೀಟ್‌ನಲ್ಲಿವೆ. ವ್ಯಂಗ್ಯ, ಪದಪ್ರಯೋಗ, ಪಾತ್ರಗಳ ಹೆಸರು ಎಲ್ಲವೂ ಪೂರ್ವ ಅಮೆರಿಕದ ಅಪಲೇಚಿಯ ಬೆಟ್ಟಗಳವು. ಅದಕ್ಕಿಂತ ಮುಖ್ಯವಾದದ್ದು, ಗುತ್ತಿಗೆ ಕಾರ್ಮಿಕನ ಸ್ಥಿತಿ ಈ ಕತೆಗಳಲ್ಲಿ ಇಲ್ಲ. ಅಲ್ಲಿನ ಅಭ್ಯಾಸಗಳಲ್ಲಿ ಬರುವ ಸರಿ ಉತ್ತರ ಎಷ್ಟೋ ಕಡೆ ‘ಕೆಲಸ ನಿಲ್ಲಿಸಿ ಮೇಲಿನವರಿಗೆ ತಿಳಿಸಿ’ ಎಂಬುದು. ಕೆಲಸ ನಿಲ್ಲಿಸಿದರೆ ನಾಳೆ ಗೇಟ್ ಪಾಸ್ ಸಿಗುವುದೇ ಎಂಬ ಪ್ರಶ್ನೆ ಇರುವವನಿಗೆ ಆ ಲಕೋಟೆಯೊಳಗಿನ ಚೀಟಿ ಪೊಳ್ಳಾಗಿ ಕೇಳಿಸುತ್ತದೆ, ಮತ್ತು ಅವನು ಅದನ್ನು ಮುಲಾಜಿಲ್ಲದೆ ಹೇಳಿಯೂ ಹೇಳುತ್ತಾನೆ. ಇದಕ್ಕೆ ನಾನು ಕಂಡುಕೊಂಡ ಅರೆ ಪರಿಹಾರವೆಂದರೆ, ಗುತ್ತಿಗೆದಾರರ ಮೇಲ್ವಿಚಾರಕರನ್ನೂ ಅದೇ ಗುಂಪಿನಲ್ಲಿ ಕೂರಿಸಿ ಅದೇ ಲಕೋಟೆ ಹರಿಯಿಸುವುದು. ಎಲ್ಲರೂ ಬರುವುದಿಲ್ಲ. ಬಂದವರು ಬೆವರುತ್ತಾರೆ.

ಬೋಧಕರು ಇದನ್ನು ತಮ್ಮಲ್ಲಿ ತರುವುದಾದರೆ, ಒಂದೇ ಒಂದು ಅಭ್ಯಾಸದಿಂದ ಆರಂಭಿಸಿ, ಕತೆಯನ್ನು ತಮ್ಮ ಗಣಿಯ ಅಪಘಾತ ದಾಖಲೆಯಿಂದ ಎತ್ತಿ, ಮೂವರು ಹಿರಿಯ ಕಾರ್ಮಿಕರಿಗೆ ಮೊದಲು ಓದಿ ಹೇಳಿ, ಅವರು ‘ಹೀಗೆಲ್ಲ ಯಾರೂ ಮಾಡೋದಿಲ್ಲ’ ಎಂದ ಕಡೆಗಳನ್ನೆಲ್ಲ ಹೊಡೆದುಹಾಕಿ ತರಗತಿಗೆ ಒಯ್ಯಬೇಕು. ಅಮೆರಿಕ ಸರ್ಕಾರದ ಸಂಸ್ಥೆ ತಾನೇ ಪ್ರಕಟಿಸಿದ ಬರಹಗಳಿಗೆ ಹಕ್ಕುಸ್ವಾಮ್ಯದ ತಡೆಯಿಲ್ಲದಿರುವುದರಿಂದ ತಿದ್ದಿ ಬಳಸುವುದಕ್ಕೆ ತೊಂದರೆಯಿಲ್ಲ. ಆದರೆ ಬೇಕಾದದ್ದನ್ನು ಇಂದೇ ಇಳಿಸಿಕೊಳ್ಳುವುದು ಮೇಲು. 2025ರ ಏಪ್ರಿಲ್‌ನಲ್ಲಿ ಪಿಟ್ಸ್‌ಬರ್ಗ್ ಮತ್ತು ಸ್ಪೊಕೇನ್ ಕೇಂದ್ರಗಳ ನೌಕರರಿಗೆ ಕೆಲಸದಿಂದ ತೆಗೆಯುವ ನೋಟಿಸು ಹೋಯಿತು. ಗಣಿ ಕಾರ್ಮಿಕರ ಶ್ವಾಸಕೋಶ ತಪಾಸಣೆಯ ವಿಭಾಗದವರನ್ನು ಮರಳಿ ಕರೆಸಿಕೊಳ್ಳಲು ಮರುತಿಂಗಳು ನ್ಯಾಯಾಲಯವೇ ಆದೇಶಿಸಬೇಕಾಯಿತು. ಆ ಸುದ್ದಿ ಓದಿದ ರಾತ್ರಿ ನಾನೂ ನಮ್ಮ ಸಹಾಯಕರೂ ಕುಳಿತು ನಮಗೆ ಬೇಕಾದ ಅಭ್ಯಾಸಗಳನ್ನೆಲ್ಲ ಎರಡು ಪೆನ್‌ಡ್ರೈವ್‌ಗಳಿಗೆ ತುಂಬಿಸಿದೆವು. ಒಂದು ತರಬೇತಿ ಕೇಂದ್ರದ ಕಪಾಟಿನಲ್ಲಿದೆ, ಇನ್ನೊಂದು ನಮ್ಮ ಮನೆಯಲ್ಲಿ, ಅಕ್ಕಿ ಡಬ್ಬದ ಪಕ್ಕದ ಗೂಡಿನಲ್ಲಿ.